ಗಿದ್ಯೋನನು ವಿಶ್ವಾಸವೀರನೋ, ಅಂಜುಬುರುಕನೋ?

ತುಂಗಾತೀರ:
ನಮ್ಮ ಸಭೆಯ ಸತ್ಯವೇದ ಅಧ್ಯಯನದ ಗುಂಪಿನಲ್ಲಿ ಈಗ ಹಳೆಯ ಒಡಂಬಡಿಕೆಯ ನ್ಯಾಯಸ್ಥಾಪಕರ ಗ್ರಂಥವನ್ನು ಓದುತ್ತಿದ್ದೇವೆ. ಇಸ್ರಾಯೇಲ್ಯರ ನಾಯಕನಾದ ಗಿದ್ಯೋನನ ಕಥೆ ಬಂದಾಗ ಗುಂಪು ಎರಡು ಪಾಲಾಯಿತು. ಶತ್ರುಗಳಾದ ಮಿದ್ಯಾನ್ಯರು ಏಳು ವರ್ಷಗಳ ಕಾಲ ಮಿಡತೆಗಳಂತೆ ಬಂದು ಬೆಳೆಯನ್ನೆಲ್ಲ ಹಾಳುಮಾಡುತ್ತಿದ್ದುದರಿಂದ, ಅವರ ಕಣ್ಣಿಗೆ ಬೀಳದಂತೆ ದ್ರಾಕ್ಷೆಯ ಆಲೆಯಲ್ಲಿ ಗೋದಿ ಬಡಿಯುತ್ತಿದ್ದ ಈ ಮನುಷ್ಯನನ್ನು ದೇವದೂತನು ಪರಾಕ್ರಮಶಾಲಿಯೆಂದು ಕರೆಯುತ್ತಾನೆ. ಆದರೆ ಆತನು ಮುಂದೆ ಮಾಡುವುದೇನು? ಮೊದಲು ಒಂದು ಗುರುತು ಬೇಕೆನ್ನುತ್ತಾನೆ. ಬಂಡೆಯಿಂದ ಬೆಂಕಿ ಎದ್ದು ಅವನ ಕಾಣಿಕೆಯನ್ನು ದಹಿಸುತ್ತದೆ. ಕಾನಾನ್ಯರ ದೇವತೆಯಾದ ಬಾಳನ ಬಲಿಪೀಠವನ್ನು ಕೆಡವಬೇಕೆಂಬ ಅಪ್ಪಣೆಯಾದಾಗ ಮನೆಯವರಿಗೂ ಊರಿನವರಿಗೂ ಹೆದರಿ, ಹತ್ತು ಮಂದಿ ಆಳುಗಳೊಂದಿಗೆ ರಾತ್ರಿಯಲ್ಲಿ ಆ ಕೆಲಸ ಮಾಡುತ್ತಾನೆ. ಆಮೇಲೆ ಕಣದಲ್ಲಿ ಕುರಿಯ ಉಣ್ಣೆಯನ್ನಿಟ್ಟು, ಉಣ್ಣೆ ಮಾತ್ರ ಮಂಜಿನಿಂದ ನೆನೆದಿರಲಿ ಎಂದು ಒಮ್ಮೆ, ನೆಲ ಮಾತ್ರ ನೆನೆದಿರಲಿ ಎಂದು ಮತ್ತೊಮ್ಮೆ ದೇವರನ್ನು ಬೇಡುತ್ತಾನೆ.

ಇಷ್ಟೆಲ್ಲ ಆದ ಮೇಲೂ ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ, ನಂಬಿಕೆಯಿಂದ ಬಾಳಿದವರ ಸಾಲಿನಲ್ಲಿ ಅವನ ಹೆಸರಿದೆ. ಪದೇ ಪದೇ ಗುರುತು ಕೇಳಿದವನನ್ನು ನಂಬಿಕೆಯುಳ್ಳವನೆಂದು ಕರೆಯುವುದು ಸರಿಯೇ? ಹೆದರಿದವನನ್ನು ಧೈರ್ಯಶಾಲಿ ಎನ್ನಬಹುದೇ? ಕ್ರೈಸ್ತರಲ್ಲದವರೂ ಇತರ ಪುರಾತನ ವೀರಕಥೆಗಳನ್ನು ಓದಿದವರೂ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಕಲ್ಲುಹಾದಿ:
ನನ್ನ ಉತ್ತರ ಸ್ಪಷ್ಟವಾಗಿದೆ. ದೇವರನ್ನು ಪರೀಕ್ಷಿಸಬಾರದೆಂದು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ಹೇಳುತ್ತದೆ, ಮತ್ತು ಅಡವಿಯಲ್ಲಿ ಸೈತಾನನಿಗೆ ಯೇಸು ಕೊಟ್ಟ ಉತ್ತರವೂ ಅದೇ ಮಾತು. ಗಿದ್ಯೋನನಿಗೆ ಅಪ್ಪಣೆ ಆಗಲೇ ಸಿಕ್ಕಿತ್ತು, ಗುರುತೂ ಸಿಕ್ಕಿತ್ತು. ಉಣ್ಣೆಯ ಪ್ರಸಂಗದಲ್ಲಿ ಅವನು ಕೇಳುತ್ತಿರುವುದು ದೇವರ ಚಿತ್ತವೇನೆಂದಲ್ಲ. ದೇವರು ಕೊಟ್ಟ ಮಾತನ್ನು ಉಳಿಸಿಕೊಳ್ಳುವನೋ ಇಲ್ಲವೋ ಎಂದು. ಇಂದಿಗೂ ಎಷ್ಟೋ ವಿಶ್ವಾಸಿಗಳು ಮದುವೆಗೆ, ನೌಕರಿಗೆ, ಮನೆ ಕೊಳ್ಳುವುದಕ್ಕೆ ಹೀಗೆ ಗುರುತುಗಳನ್ನು ಹುಡುಕುತ್ತಾ ಕೂರುವುದಕ್ಕೆ ಈ ಕಥೆಯ ತಪ್ಪು ಓದು ಕಾರಣವಾಗಿದೆ.

ಬೆಳಗಿನೋದು:
ಕಲ್ಲುಹಾದಿ ಅವರೇ, ಅದೇ ವಚನವನ್ನು ನೆಪವಾಗಿಟ್ಟುಕೊಂಡು ಗುರುತನ್ನು ನಿರಾಕರಿಸಿದ ಒಬ್ಬ ಅರಸನಿದ್ದಾನೆ. ಯೆಶಾಯನ ಏಳನೆಯ ಅಧ್ಯಾಯವನ್ನು ತೆಗೆದು ನೋಡಿ. ಅರಾಮ್ಯರೂ ಉತ್ತರದ ಇಸ್ರಾಯೇಲ್ಯರೂ ಒಟ್ಟಾಗಿ ಬಂದಾಗ ಯೆಹೂದದ ಅರಸನಾದ ಆಹಾಜನ ಹೃದಯವೂ ಪ್ರಜೆಗಳ ಹೃದಯವೂ ಗಾಳಿಗೆ ಸಿಕ್ಕ ಕಾಡಿನ ಮರಗಳಂತೆ ನಡುಗಿದವು. ಆಳದಲ್ಲಾದರೂ ಎತ್ತರದಲ್ಲಾದರೂ ಒಂದು ಗುರುತನ್ನು ಕೇಳಿಕೋ ಎಂದು ದೇವರೇ ಹೇಳಿದಾಗ, ತಾನು ದೇವರನ್ನು ಪರೀಕ್ಷಿಸುವವನಲ್ಲ ಎಂದು ಆಹಾಜನು ಬಹಳ ಭಕ್ತಿಯಿಂದ ನುಡಿಯುತ್ತಾನೆ. ಪ್ರವಾದಿ ಅವನನ್ನು ಹೊಗಳಲಿಲ್ಲ, ಗದರಿಸಿದನು. ಗುರುತು ಕೇಳಿದರೆ ಅದಕ್ಕೆ ತಕ್ಕಂತೆ ನಡೆಯಬೇಕಾಗುತ್ತದೆ; ಆಹಾಜನಿಗೆ ಅದು ಬೇಡವಾಗಿತ್ತು, ಏಕೆಂದರೆ ಅವನ ಭರವಸೆ ಅಶ್ಶೂರದ ಅರಸನ ಮೇಲಿತ್ತು. ಗಿದ್ಯೋನನು ಕೇಳಿದನು, ಸಿಕ್ಕಿದ ಮೇಲೆ ನಡೆದನು. ನನ್ನ ಮಟ್ಟಿಗೆ ಇವರಿಬ್ಬರ ನಡುವಿನ ಅಂತರವೇ ಇಡೀ ಪ್ರಶ್ನೆಗೆ ಉತ್ತರ.

ಕಲ್ಲುಹಾದಿ:
ಹಾಗಾದರೆ ಸ್ನಾನಿಕ ಯೋಹಾನನ ತಂದೆಯಾದ ಜೆಕರ್ಯನು, ಮುದಿವಯಸ್ಸಿನಲ್ಲಿ ಮಗನು ಹುಟ್ಟುವನೆಂದು ದೂತನು ಹೇಳಿದಾಗ, ಇದನ್ನು ತಾನು ಹೇಗೆ ತಿಳಿಯಲಿ ಎಂದು ಒಂದೇ ಒಂದು ಬಾರಿ ಕೇಳಿದ್ದಕ್ಕೆ ಮಗುವಿಗೆ ಹೆಸರಿಡುವವರೆಗೂ ಮೂಕನಾದದ್ದು ಏಕೆ?

ಬೆಳಗಿನೋದು:
ಜೆಕರ್ಯನು ವೃದ್ಧ ಯಾಜಕನು. ದೇವಾಲಯದೊಳಗೆ ಧೂಪ ಹಾಕುತ್ತಿದ್ದವನು. ಮುದಿವಯಸ್ಸಿನಲ್ಲಿ ಮಗನನ್ನು ಪಡೆದ ಅಬ್ರಹಾಮ ಸಾರಳ ಕಥೆ ಅವನಿಗೆ ಬಾಯಿಪಾಠವಾಗಿದ್ದಿರಲೇಬೇಕು. ಗಿದ್ಯೋನನ ಮನೆಯ ಅಂಗಳದಲ್ಲಿಯೋ ಅವನ ತಂದೆಯದೇ ಬಾಳನ ಬಲಿಪೀಠವಿತ್ತು. ಪೂರ್ವಿಕರು ಹೇಳಿದ ಅದ್ಭುತಗಳೆಲ್ಲ ಎಲ್ಲಿ ಹೋದವು ಎಂದು ಅವನು ದೂತನನ್ನೇ ಕೇಳಿದ್ದು, ಅವನಿಗೆ ಅಂಥದ್ದೇನನ್ನೂ ಕಣ್ಣಾರೆ ಕಾಣುವ ಭಾಗ್ಯ ಇರಲಿಲ್ಲವಾದ್ದರಿಂದ. ಹೆಚ್ಚು ಪಡೆದವನಿಂದ ಹೆಚ್ಚನ್ನು ನಿರೀಕ್ಷಿಸುವುದು ನ್ಯಾಯವೇ ಆಗಿದೆ.

ಕಡಲಂಚು:
ನೀವೆಲ್ಲ ಗಿದ್ಯೋನನ ಮೇಲೆಯೇ ಕಣ್ಣು ನೆಟ್ಟಿದ್ದೀರಿ. ಎರಡು ಅಧ್ಯಾಯ ಹಿಂದಕ್ಕೆ ಹೋದರೆ ಇಸ್ರಾಯೇಲ್ಯರ ಸೇನಾನಾಯಕ ಬಾರಾಕನಿದ್ದಾನೆ. ಕಾನಾನ್ಯರ ಸೇನಾಪತಿ ಸೀಸೆರನ ಬಳಿ ಒಂಬೈನೂರು ಕಬ್ಬಿಣದ ರಥಗಳಿದ್ದವು. ಹೋಗಿ ಯುದ್ಧ ಮಾಡು ಎಂದು ಪ್ರವಾದಿನಿ ದೆಬೋರಳು ದೇವರ ಅಪ್ಪಣೆಯನ್ನು ತಿಳಿಸಿದಾಗ, ನೀನು ಬಂದರೆ ಹೋಗುತ್ತೇನೆ, ನೀನು ಬಾರದಿದ್ದರೆ ಹೋಗುವುದಿಲ್ಲ ಎಂದು ಅವನು ಹೇಳಿದನು. ಆಕೆ ಒಂದು ಕ್ಷಣವೂ ತಡಮಾಡದೆ ಹೊರಟಳು. ಸೀಸೆರನನ್ನು ಕೊನೆಗೆ ಕೊಂದವಳು ಯಾಯೇಲಳು, ಗುಡಾರದ ಗೂಟದಿಂದ. ಆದರೂ ಇಬ್ರಿಯರ ಪತ್ರಿಕೆಯ ಪಟ್ಟಿಯಲ್ಲಿ ಗಿದ್ಯೋನ, ಬಾರಾಕ, ಸಂಸೋನ, ಯೆಫ್ತಾಹ, ದಾವೀದ, ಸಮುವೇಲರ ಹೆಸರುಗಳಿವೆ, ದೆಬೋರಳ ಹೆಸರಿಲ್ಲ. ಅಳುಕಿದ ಗಂಡಸರಿಗೆ ಸಿಕ್ಕಿದ ಸ್ಥಾನ ಅಳುಕದೆ ನಡೆದ ಹೆಂಗಸಿಗೆ ಸಿಗಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿಯಾಗಿದೆ.

ಬೆಳಗಿನೋದು:
ಅಕ್ಕ, ನಿಮ್ಮ ನೋವು ನ್ಯಾಯವಾದದ್ದು. ಆದರೆ ಅದೇ ಅಧ್ಯಾಯದಲ್ಲಿ, ಎರಡು ವಚನಗಳ ತರುವಾಯ, ಬಲಹೀನರಾಗಿದ್ದು ಬಲಿಷ್ಠರಾದವರ ಮಾತು ಬರುತ್ತದೆ. ಆ ಪಟ್ಟಿಯನ್ನು ಬರೆದವರು ಕಾಲೂರಿ ನಿಂತವರನ್ನಲ್ಲ, ಕಾಲು ನಡುಗಿದವರನ್ನೇ ಆರಿಸಿಕೊಂಡಂತೆ ನನಗೆ ತೋರುತ್ತದೆ. ದೆಬೋರಳಿಗೆ ಬೇರೆಯವರ ಪಟ್ಟಿ ಬೇಕಾಗಿಲ್ಲ, ಐದನೆಯ ಅಧ್ಯಾಯದ ಜಯಗೀತೆಯೇ ಇದೆ. ಇಬ್ರಿಯ ಭಾಷೆಯ ಅತ್ಯಂತ ಪ್ರಾಚೀನ ಕಾವ್ಯಗಳಲ್ಲಿ ಅದೂ ಒಂದೆಂದು ಬಹಳ ವಿದ್ವಾಂಸರು ಎಣಿಸುತ್ತಾರೆ.

ಗಡಿಕಾವಲು:
ನಾನು ಸೇನೆಯಲ್ಲಿದ್ದು ನಿವೃತ್ತನಾದವನು. ಕ್ರೈಸ್ತನಲ್ಲ, ಆದರೆ ಈ ಕಥೆಯನ್ನು ಸೈನಿಕನ ಕಣ್ಣಿನಿಂದ ಓದಿದ್ದೇನೆ. ಹರೋದ್ ಬುಗ್ಗೆಯ ಬಳಿ 32,000 ಮಂದಿ ಸೇರಿದ್ದರು. ಹೆದರುವವರು ಮನೆಗೆ ಹೋಗಬಹುದು ಎಂದ ಕೂಡಲೇ 22,000 ಮಂದಿ ಹೊರಟುಹೋದರು. ಹೀಗೆ ಹೇಳಬೇಕೆಂಬುದು ಧರ್ಮೋಪದೇಶಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿರುವ ಯುದ್ಧನಿಯಮವೇ. ಒಬ್ಬನ ಭಯ ಪಕ್ಕದವನ ಎದೆಗೆ ಹರಡಬಾರದೆಂಬುದು ಅದರ ಉದ್ದೇಶ. ಇದು ಎಷ್ಟು ನಿಜವೆಂದು ರಾತ್ರಿ ಕಾವಲು ನಿಂತ ಪ್ರತಿಯೊಬ್ಬ ಸೈನಿಕನಿಗೂ ಗೊತ್ತು.

ಉಳಿದ 10,000 ಮಂದಿಯಲ್ಲಿ, ನೀರು ಕುಡಿದ ರೀತಿಯನ್ನು ನೋಡಿ ಆರಿಸಿಕೊಂಡ ಮುನ್ನೂರು ಮಂದಿಯನ್ನು ನೂರು ನೂರರಂತೆ ಮೂರು ಗುಂಪು ಮಾಡಿ, ನಡುಜಾವದ ಆರಂಭದಲ್ಲಿ, ಹೊಸ ಕಾವಲುಗಾರರು ಆಗತಾನೇ ಬಂದು ನಿಂತಿದ್ದ ಹೊತ್ತಿಗೆ ಗಿದ್ಯೋನನು ಪಾಳೆಯವನ್ನು ಮುಟ್ಟುತ್ತಾನೆ. ಕಾವಲು ಬದಲಾಗುವ ವೇಳೆ ಎಂದರೆ ಒಬ್ಬನ ಕಣ್ಣು ಕತ್ತಲೆಗೆ ಇನ್ನೂ ಒಗ್ಗಿರುವುದಿಲ್ಲ, ಇನ್ನೊಬ್ಬನು ನಿದ್ದೆಗೆ ಹಾತೊರೆಯುತ್ತಿರುತ್ತಾನೆ. ಮೂರು ದಿಕ್ಕುಗಳಿಂದ ಏಕಕಾಲದಲ್ಲಿ ಮುನ್ನೂರು ಕೊಂಬುಗಳು ಊದಿದವು, ಮಡಕೆಗಳು ಒಡೆದವು, ಪಂಜುಗಳು ಬೆಳಗಿದವು. ಲೆಕ್ಕವಿಲ್ಲದಷ್ಟು ಒಂಟೆಗಳಿದ್ದ ಪಾಳೆಯವದು. ಬೆದರಿದ ಒಂಟೆಗಳ ನಡುವೆ, ಕತ್ತಲೆಯಲ್ಲಿ, ತನ್ನವನಾರು ಶತ್ರುವಾರು ಎಂದು ತಿಳಿಯದೆ ಮಿದ್ಯಾನ್ಯರು ಒಬ್ಬರ ಮೇಲೊಬ್ಬರು ಕತ್ತಿ ಬೀಸಿದರು ಎಂಬುದನ್ನು ನಾನು ಸುಲಭವಾಗಿ ನಂಬಬಲ್ಲೆ. ಆದರೆ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ಕೊಂಬು ಹಿಡಿದು, ಕತ್ತಿ ಹಿಡಿಯಲು ಕೈಯೇ ಖಾಲಿಯಿಲ್ಲದೆ, ಶತ್ರುಪಾಳೆಯದ ಅಂಚಿನಲ್ಲಿ ಕದಲದೆ ನಿಲ್ಲಲು ಎಂಥ ಎದೆಗಾರಿಕೆ ಬೇಕೆಂಬುದನ್ನು ಯೋಚಿಸಿ. ಅಂಥವರನ್ನು ಮುನ್ನಡೆಸಿದವನನ್ನು ನಾನು ಅಂಜುಬುರುಕನೆನ್ನಲಾರೆ.

ಸಾಲುದೀಪ:
ಆ ಮುನ್ನೂರು ಮಂದಿ ನೀರನ್ನು ಕೈಯಲ್ಲಿ ಎತ್ತಿ ನೆಕ್ಕಿದವರು, ಅಂದರೆ ಶತ್ರುವಿನ ಮೇಲೆ ಕಣ್ಣಿಟ್ಟು ಎಚ್ಚರದಿಂದಿದ್ದವರು. ಅದಕ್ಕಾಗಿಯೇ ಅವರನ್ನು ಆರಿಸಲಾಯಿತು ಎಂದು ಸಂಡೇ ಸ್ಕೂಲಿನಲ್ಲಿ ಕಲಿತಿದ್ದೇನೆ.

ಹಸ್ತಪ್ರತಿ:
ಸಾಲುದೀಪ ಅವರೇ, ಅವರು ಎಚ್ಚರದಿಂದಿದ್ದರೆಂಬ ಕಾರಣವನ್ನು ಮೂಲಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಮೊದಲನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸನು ಈ ಪ್ರಸಂಗವನ್ನು ಬರೆಯುವಾಗ ನೇರವಾಗಿ ಇದಕ್ಕೆ ವಿರುದ್ಧವಾದ ಅರ್ಥವನ್ನು ಕೊಡುತ್ತಾನೆ: ಗಾಬರಿಯಿಂದ ಅವಸರವಾಗಿ ನೀರು ಕುಡಿದವರೇ ಆ ಮುನ್ನೂರು ಮಂದಿ, ಹೆದರಿದವರನ್ನೇ ದೇವರು ಆರಿಸಿದನು ಎಂದು. ಇಸ್ರಾಯೇಲ್ಯರು ತಮ್ಮ ಕೈಯೇ ತಮ್ಮನ್ನು ರಕ್ಷಿಸಿತೆಂದು ಹೆಚ್ಚಳಪಡಬಾರದು ಎಂದು ಏಳನೆಯ ಅಧ್ಯಾಯದ ಆರಂಭದಲ್ಲಿಯೇ ದೇವರು ಹೇಳಿರುವುದಕ್ಕೆ ಜೋಸೆಫಸನ ಓದು ಹೆಚ್ಚು ಹೊಂದುತ್ತದೆ.

ಗಡಿಕಾವಲು:
ಇದು ನನಗೆ ಹೊಸ ವಿಚಾರ. ಆದರೆ ಒಪ್ಪಲು ಕಷ್ಟವಾಗಿದೆ. ಹೆದರುವವರೆಲ್ಲ ಅದಕ್ಕೆ ಮೊದಲೇ ಮನೆಗೆ ಹೋಗಿಯಾಗಿತ್ತಲ್ಲವೇ?

ಹಸ್ತಪ್ರತಿ:
ಹೆದರಿಕೆಯನ್ನು ಒಪ್ಪಿಕೊಂಡವರು ಹೋಗಿದ್ದರು, ಸರ್. ಗಿದ್ಯೋನನೇ ಅಲ್ಲಿದ್ದನಲ್ಲ. ಅದೇ ರಾತ್ರಿ, ಇಳಿದು ಹೋಗುವುದಕ್ಕೆ ನಿನಗೆ ಹೆದರಿಕೆಯಾದರೆ ಸೇವಕನಾದ ಪುರನನ್ನು ಕರೆದುಕೊಂಡು ಪಾಳೆಯಕ್ಕೆ ಹೋಗಿ ಅಲ್ಲಿಯವರ ಮಾತು ಕೇಳಿಕೋ ಎಂದು ದೇವರು ಹೇಳುತ್ತಾನೆ. ಮುಂದಿನ ವಚನದಲ್ಲಿಯೇ ಅವನು ಪುರನನ್ನು ಕರೆದುಕೊಂಡು ಹೋಗುತ್ತಾನೆ. ಅವನು ಹೆದರಿದ್ದನೆಂದು ಕಥೆಗಾರನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಅಲ್ಲಿ ಒಬ್ಬ ಮಿದ್ಯಾನ್ಯನು, ಜವೆಗೋದಿಯ ರೊಟ್ಟಿಯೊಂದು ಉರುಳಿ ಬಂದು ಗುಡಾರವನ್ನು ಕೆಡವಿದಂತೆ ಕನಸು ಕಂಡೆನೆಂದು ಜೊತೆಗಾರನಿಗೆ ಹೇಳುತ್ತಿದ್ದನು. ಅದನ್ನು ಕೇಳಿದ ಗಿದ್ಯೋನನು ಅಲ್ಲಿಯೇ, ಶತ್ರುಗಳ ಪಾಳೆಯದ ಅಂಚಿನಲ್ಲಿಯೇ, ಅಡ್ಡಬಿದ್ದು ಆರಾಧಿಸಿದನು.

ಇಲಿಯಡ್ ಓದುಗ:
ಇತರ ವೀರಕಥೆಗಳ ಮಾತನ್ನು ಪ್ರಾರಂಭದಲ್ಲಿಯೇ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಗಿದ್ಯೋನನ ಪಕ್ಕದಲ್ಲಿ ಟ್ರಾಯ್ ನಗರದ ಹೆಕ್ಟರನನ್ನು ನಿಲ್ಲಿಸಿ ನೋಡಿ. ಹೋಮರನ ಇಲಿಯಡ್ ಕಾವ್ಯದ ಹನ್ನೆರಡನೆಯ ಸರ್ಗದಲ್ಲಿ ಟ್ರಾಯ್ ಸೈನ್ಯವು ಗ್ರೀಕರ ಕಂದಕದ ಬಳಿ ನಿಂತಿರುವಾಗ, ಹದ್ದೊಂದು ಹಾವನ್ನು ಹಿಡಿದು ಹಾರುತ್ತಾ ಎಡಕ್ಕೆ ಬರುತ್ತದೆ. ಹಾವು ಕಚ್ಚಿದಾಗ ಅದನ್ನು ಕೈಬಿಡುತ್ತದೆ. ಇದು ಅಪಶಕುನ, ಮುಂದುವರಿಯುವುದು ಬೇಡ ಎಂದು ಜೊತೆಗಾರ ಪೊಲಿಡಮಸನು ಎಚ್ಚರಿಸುತ್ತಾನೆ. ಹಕ್ಕಿಗಳು ಬಲಕ್ಕೆ ಹಾರಲಿ, ಎಡಕ್ಕೆ ಹಾರಲಿ, ತನಗೆ ಅದರ ಗೊಡವೆಯಿಲ್ಲ, ತಾಯ್ನಾಡಿಗಾಗಿ ಹೋರಾಡುವುದೊಂದೇ ಶ್ರೇಷ್ಠ ಶಕುನ ಎಂದು ಹೆಕ್ಟರನು ಉತ್ತರಿಸುತ್ತಾನೆ. ಟ್ರಾಯ್ ಒಂದು ದಿನ ನಾಶವಾಗುವುದೆಂದು ಆರನೆಯ ಸರ್ಗದಲ್ಲಿಯೇ ಹೆಂಡತಿ ಆಂಡ್ರೊಮಕಿಗೆ ಹೇಳಿದ್ದವನು ಅವನು. ಸೋಲು ಖಚಿತವೆಂದು ತಿಳಿದೂ ಗುರುತು ಬೇಡದೆ ಹೋರಾಡುವುದಕ್ಕಿಂತ ದೊಡ್ಡ ಧೈರ್ಯ ಬೇರೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಸ್ತಪ್ರತಿ:
ಹೆಕ್ಟರನನ್ನು ನಾನೂ ಬಹಳ ಪ್ರೀತಿಸುತ್ತೇನೆ, ಆದರೆ ಆ ಮಾತಿನ ಹಿಂದುಮುಂದನ್ನು ಬಿಡಬಾರದು. ಅವನಿಗೆ ಗುರುತು ಬೇಡವಾದದ್ದು ಅದಾಗಲೇ ದೇವರ ಮಾತು ಸಿಕ್ಕಿದ್ದರಿಂದ. ಹನ್ನೊಂದನೆಯ ಸರ್ಗದಲ್ಲಿ ದೇವತೆಗಳ ಅರಸ ಸ್ಯೂಸನು ದೂತಿ ಐರಿಸಳ ಮೂಲಕ ಅವನಿಗೆ ಭರವಸೆ ಕಳುಹಿಸುತ್ತಾನೆ: ಗ್ರೀಕರ ಅರಸ ಅಗಮೆಮ್ನನ್ ಗಾಯಗೊಂಡು ಹಿಮ್ಮೆಟ್ಟಿದ ಮೇಲೆ, ಹಡಗುಗಳನ್ನು ತಲುಪಿ ಸೂರ್ಯ ಮುಳುಗುವವರೆಗೂ ಜಯ ನಿನ್ನದು ಎಂದು. ಆ ಭರವಸೆಗೆ ಗಡುವಿತ್ತು. ಸೂರ್ಯ ಮುಳುಗಿದ ಮೇಲೆ, ಹದಿನೆಂಟನೆಯ ಸರ್ಗದಲ್ಲಿ, ಗ್ರೀಕರ ಮಹಾವೀರ ಅಕಿಲೀಸನು ಮರಳಿ ಬರುತ್ತಿದ್ದಾನೆ, ಕೋಟೆಯೊಳಗೆ ಹೋಗೋಣ ಎಂದು ಅದೇ ಪೊಲಿಡಮಸನು ಬೇಡಿಕೊಳ್ಳುತ್ತಾನೆ. ಹೆಕ್ಟರನು ಸ್ಯೂಸನ ಮಾತು ಇನ್ನೂ ತನ್ನ ಕಡೆಗಿದೆಯೆಂದು ಭಾವಿಸಿ ಅವನನ್ನು ಗದರಿಸಿ ಬಯಲಿನಲ್ಲಿಯೇ ಸೈನ್ಯವನ್ನು ಉಳಿಸಿಕೊಳ್ಳುತ್ತಾನೆ, ಮರುದಿನ ಟ್ರಾಯ್ ಸೈನ್ಯ ಹತವಾಗುತ್ತದೆ. ಇಪ್ಪತ್ತೆರಡನೆಯ ಸರ್ಗದಲ್ಲಿ ಅವನು ಕೋಟೆಯ ಹೊರಗೆ ಒಂಟಿಯಾಗಿ ನಿಲ್ಲುವ ಕಾರಣಗಳಲ್ಲಿ ಪೊಲಿಡಮಸನಿಗೆ ಮುಖ ತೋರಿಸಲಾರದ ನಾಚಿಕೆಯೂ ಒಂದು. ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುವ ಗಿದ್ಯೋನನ ಗುಣ ಅವನಲ್ಲಿ ಸ್ವಲ್ಪವಿದ್ದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಇಲಿಯಡ್ ಓದುಗ:
ಕೇಳಿದರೆ ಯಾರು ನಿಜ ಹೇಳುತ್ತಿದ್ದರು? ಅಕಿಲೀಸನಿಗೆ ಹೆದರಿ ಕೋಟೆಯ ಸುತ್ತ ಮೂರು ಸುತ್ತು ಓಡಿದ ಹೆಕ್ಟರನನ್ನು ನಿಲ್ಲಿಸಿದ್ದು ಅಥೀನಾ ದೇವಿ, ಅವನ ತಮ್ಮ ಡೀಫೊಬಸನ ವೇಷದಲ್ಲಿ ಬಂದು. ತಮ್ಮನಿಂದ ಇನ್ನೊಂದು ಈಟಿ ಬೇಕೆಂದು ತಿರುಗಿ ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ. ದೇವತೆಗಳು ತನ್ನನ್ನು ಸಾವಿಗೆ ಕರೆದರೆಂದು ಅರ್ಥವಾದ ಮೇಲೂ ಅವನು ಕತ್ತಿ ಹಿರಿದು ಮುನ್ನುಗ್ಗಿದನು. ಗಿದ್ಯೋನನ ದೇವರು ಮೋಸ ಮಾಡಲಿಲ್ಲ. ಹೆಕ್ಟರನ ದೇವತೆ ಮಾಡಿದಳು. ಯಾರ ಧೈರ್ಯ ದೊಡ್ಡದೆಂಬುದನ್ನು ನೀವೇ ಹೇಳಿ.

ಕಲ್ಲುಹಾದಿ:
ಧೈರ್ಯವಿರಬಹುದು, ನಂಬಿಕೆಯಲ್ಲ. ಈ ಚರ್ಚೆಯಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ.

ಮಲೆನಾಡ ಮಳೆ:
ಹೆದರಿಕೆಯ ವಿಷಯ ಬಂದಾಗ ಕನ್ನಡಿಗರಿಗೆ ಮೊದಲು ನೆನಪಾಗುವವನು ವಿರಾಟಪರ್ವದ ಉತ್ತರಕುಮಾರ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯೇ ಇದೆ. ಅವನು ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಂಡು ಹೊರಟು, ಕೌರವರ ಸೈನ್ಯವನ್ನು ಕಂಡೊಡನೆ ರಥದಿಂದ ಜಿಗಿದು ಓಡಿದನು. ಬೃಹನ್ನಳೆಯ ವೇಷದ ಅರ್ಜುನನು ಅಟ್ಟಿಸಿಕೊಂಡು ಹೋಗಿ ಹಿಡಿದು ತರಬೇಕಾಯಿತು. ಗಿದ್ಯೋನನು ಇದರ ತದ್ವಿರುದ್ಧ ದಾರಿಯಲ್ಲಿ ನಡೆದವನು: ಹೊರಡುವ ಮೊದಲು ಹೆದರಿದನು, ಹೊರಟ ಮೇಲೆ ಓಡಲಿಲ್ಲ. ತನ್ನ ಗೋತ್ರ ಮನಸ್ಸೆ ಕುಲದಲ್ಲಿ ಅತ್ಯಂತ ಬಡದ್ದು, ಮನೆಯಲ್ಲಿ ತಾನೇ ಕನಿಷ್ಠ ಎಂದು ದೂತನಿಗೆ ಮೊದಲೇ ಹೇಳಿದ್ದನು. ಆದರೂ ಉತ್ತರನನ್ನು ಪೂರ್ತಿಯಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ; ಅರ್ಜುನನು ಧೈರ್ಯ ತುಂಬಿದ ಮೇಲೆ ಅದೇ ಸೈನ್ಯದ ನಡುವೆ ಅವನ ಸಾರಥಿಯಾಗಿ ರಥ ನಡೆಸಿದವನೂ ಅವನೇ.

ರಂಗಮಂಚ:
ನಾಟಕ ಓದುವವರ ಕಡೆಯಿಂದ ಒಂದು ಮಾತು. ಬಿ.ಎಂ.ಶ್ರೀಯವರ 'ಅಶ್ವತ್ಥಾಮನ್' ನಾಟಕಕ್ಕೆ ಮೂಲವಾದ ಸೊಫೊಕ್ಲಿಸನ 'ಏಜಾಕ್ಸ್' ಈ ಚರ್ಚೆಗೆ ಬಹಳ ಹತ್ತಿರವಾದದ್ದು. ಗ್ರೀಕ್ ವೀರ ಏಜಾಕ್ಸನು ಟ್ರಾಯ್ ಯುದ್ಧಕ್ಕೆ ಹೊರಡುವಾಗ, ಜಯವನ್ನು ಬಯಸು ಮಗನೇ, ಆದರೆ ಯಾವಾಗಲೂ ದೇವರ ಸಹಾಯದಿಂದ ಬಯಸು ಎಂದು ತಂದೆ ಹೇಳುತ್ತಾನೆ. ದೇವತೆಗಳ ಸಹಾಯವಿದ್ದರೆ ಕೈಲಾಗದವನೂ ಗೆಲ್ಲಬಹುದು, ನಾನು ಅವರಿಲ್ಲದೆಯೇ ಕೀರ್ತಿ ಗಳಿಸುವೆನು ಎಂದು ಮಗನು ಉತ್ತರಿಸುತ್ತಾನೆ. ನೆರವಿಗೆ ಬಂದ ಅಥೀನಾಳನ್ನೂ ಬೇರೆಯವರ ಬಳಿಗೆ ಹೋಗೆಂದು ಕಳುಹಿಸುತ್ತಾನೆ. ಅವನ ಬುದ್ಧಿಭ್ರಮಣೆಗೂ ಆತ್ಮಹತ್ಯೆಗೂ ಬೇರು ಅಲ್ಲಿದೆ. 32,000 ಮಂದಿಯನ್ನು ಮುನ್ನೂರಕ್ಕೆ ಇಳಿಸಿದ ದೇವರು ಗಿದ್ಯೋನನ ಬಾಯಿಂದ ಬರಬಾರದೆಂದು ತಡೆದದ್ದು ಸರಿಯಾಗಿ ಏಜಾಕ್ಸನ ಈ ಮಾತನ್ನೇ.

ತುಂಗಾತೀರ:
ರಂಗಮಂಚ ಅವರ ಮಾತು ನನ್ನನ್ನು ಎಂಟನೆಯ ಅಧ್ಯಾಯಕ್ಕೆ ಕರೆದೊಯ್ಯುತ್ತಿದೆ. ಗಿದ್ಯೋನನನ್ನು ಸಮರ್ಥಿಸಿದವರು ಯಾರೂ ಅದನ್ನು ಮುಟ್ಟಲಿಲ್ಲ. ಸುಕ್ಕೋತ್ ಊರಿನವರು ತನ್ನ ಸೈನಿಕರಿಗೆ ರೊಟ್ಟಿ ಕೊಡಲಿಲ್ಲವೆಂದು ಅವರ ಹಿರಿಯರನ್ನು ಮುಳ್ಳುಗಳಿಂದ ದಂಡಿಸಿದ್ದು, ಪೆನೂವೇಲಿನ ಗೋಪುರವನ್ನು ಕೆಡವಿ ಆ ಊರಿನವರನ್ನು ಕೊಂದದ್ದು, ಇದೆಲ್ಲವೂ ನಂಬಿಕೆಯ ಕಾರ್ಯವೇ?

ಬೆಳಗಿನೋದು:
ಅಲ್ಲ, ಎಂದಿಗೂ ಅಲ್ಲ. ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯವೂ ಅಲ್ಲಿಯೇ ಇದೆ. ಆರು ಮತ್ತು ಏಳನೆಯ ಅಧ್ಯಾಯಗಳಲ್ಲಿ ಗಿದ್ಯೋನನು ಹೆದರುತ್ತಾನೆ, ಕೇಳುತ್ತಾನೆ, ದೇವರು ಪ್ರತಿ ಬಾರಿಯೂ ಉತ್ತರ ಕೊಡುತ್ತಾನೆ, ಒಮ್ಮೆಯೂ ಗದರಿಸುವುದಿಲ್ಲ. ಎಂಟನೆಯ ಅಧ್ಯಾಯದಲ್ಲಿ ಅವನು ಯಾವುದಕ್ಕೂ ಹೆದರುವುದಿಲ್ಲ, ಏನನ್ನೂ ಕೇಳುವುದಿಲ್ಲ, ಮತ್ತು ಆ ಅಧ್ಯಾಯದುದ್ದಕ್ಕೂ ದೇವರು ಅವನೊಡನೆ ಒಂದು ಮಾತನ್ನೂ ಆಡುವುದಿಲ್ಲ. ಸೆರೆಸಿಕ್ಕ ಮಿದ್ಯಾನಿನ ಅರಸರು ತನ್ನ ಅಣ್ಣತಮ್ಮಂದಿರನ್ನು ಕೊಂದವರೆಂದು ತಿಳಿದಾಗ, ನೀವು ಅವರನ್ನು ಉಳಿಸಿದ್ದರೆ ನಾನೂ ನಿಮ್ಮನ್ನು ಉಳಿಸುತ್ತಿದ್ದೆನು ಎನ್ನುತ್ತಾನೆ. ದೇವರ ಯುದ್ಧವು ಅಲ್ಲಿ ಸ್ವಂತ ಹಗೆಯಾಗಿಬಿಟ್ಟಿದೆ. ಜನರು ಅರಸನಾಗು ಎಂದಾಗ, ಯೆಹೋವನೇ ನಿಮ್ಮ ಅರಸನು ಎಂದು ಸೊಗಸಾಗಿ ಹೇಳುತ್ತಾನೆ ನಿಜ. ಆದರೆ ಅದೇ ಉಸಿರಿನಲ್ಲಿ ಸುಲಿಗೆಯ ಚಿನ್ನದ ಮುರುವುಗಳನ್ನು ಕೇಳಿ, 1,700 ಶೆಕೆಲ್ ತೂಕದ ಆ ಚಿನ್ನದಿಂದ ಏಫೋದನ್ನು (ಯಾಜಕರು ಧರಿಸುವಂಥ ವಸ್ತ್ರ) ಮಾಡಿಸಿ ಸ್ವಂತ ಊರಾದ ಒಫ್ರದಲ್ಲಿ ಇಡುತ್ತಾನೆ. ಬಾಳನ ಬಲಿಪೀಠವನ್ನು ಕೆಡವಿದ ಊರಿನಲ್ಲಿಯೇ ಜನರು ಆ ಏಫೋದನ್ನು ಪೂಜಿಸಿ ಮತ್ತೆ ದಾರಿ ತಪ್ಪುತ್ತಾರೆ. ಅವನು ಸತ್ತ ಮೇಲೆ ಅವನ ಮಗ ಅಬೀಮೆಲೆಕನು ಎಪ್ಪತ್ತು ಮಂದಿ ಸಹೋದರರ ಮೇಲೆ ಕೈಮಾಡಿ ಅವರನ್ನು ಒಂದೇ ಕಲ್ಲಿನ ಮೇಲೆ ಕೊಲ್ಲುತ್ತಾನೆ. ಕಿರಿಯವನಾದ ಯೋತಾಮನು ಮಾತ್ರ ಅಡಗಿಕೊಂಡು ಉಳಿಯುತ್ತಾನೆ.

ಆದ್ದರಿಂದ ಗಿದ್ಯೋನನ ಹೆದರಿಕೆಯನ್ನು ದೋಷವೆಂದು ಎಣಿಸಿ ಗೆಲುವನ್ನು ಗುಣವೆಂದು ಎಣಿಸುವ ಪ್ರಸಂಗಗಳನ್ನು ನಾನು ಒಪ್ಪುವುದಿಲ್ಲ. ಅವನು ದೇವರಿಂದ ದೂರವಾದದ್ದು ಹೆದರಿಕೆ ಬಿಟ್ಟುಹೋದ ಮೇಲೆ.

ಕಡಲಂಚು:
ಅದೇ ಅಧ್ಯಾಯದಲ್ಲಿ ಯೆತೆರನೆಂಬ ಹುಡುಗನಿದ್ದಾನೆ, ಗಿದ್ಯೋನನ ಹಿರಿಯ ಮಗ. ಸೆರೆಸಿಕ್ಕ ಅರಸರನ್ನು ಕೊಲ್ಲು ಎಂದು ತಂದೆ ಅಪ್ಪಣೆ ಕೊಟ್ಟಾಗ ಅವನು ಇನ್ನೂ ಹುಡುಗನಾದ್ದರಿಂದ ಹೆದರಿ ಕತ್ತಿ ಹಿರಿಯಲಿಲ್ಲ. ತನ್ನ ಹೆದರಿಕೆಯನ್ನು ದೇವರು ಎಷ್ಟು ತಾಳ್ಮೆಯಿಂದ ಸಹಿಸಿದನೆಂಬುದನ್ನು ಕಂಡ ತಂದೆಗೆ ಮಗನ ಹೆದರಿಕೆ ಅರ್ಥವಾಗಬೇಕಾಗಿತ್ತು.

ಶಾಸನಪ್ರೇಮಿ:
ಇದು ನಡೆದ ಇತಿಹಾಸವೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ದಕ್ಷಿಣ ಇಸ್ರೇಲಿನ ಖಿರ್ಬೆತ್ ಅಲ್-ರಾಯಿ ಎಂಬ ಸ್ಥಳದ ಉತ್ಖನನದಲ್ಲಿ ಗಿದ್ಯೋನನ ಇನ್ನೊಂದು ಹೆಸರಾದ ಯೆರುಬ್ಬಾಳ ಎಂಬುದನ್ನು ಶಾಯಿಯಲ್ಲಿ ಬರೆದ ಪುಟ್ಟ ಮಡಕೆಯ ಚೂರುಗಳು ಸಿಕ್ಕಿರುವುದಾಗಿ 2021ರಲ್ಲಿ ಪ್ರಕಟವಾಯಿತು. ಕಾಲ ಸುಮಾರು ಕ್ರಿ.ಪೂ. 1100.

ಹಸ್ತಪ್ರತಿ:
ಅದು ನಿಜ. ಆದರೆ ಆ ಮಡಕೆ ಇವನದೇ ಎಂದು ಹೇಳಲು ಆಧಾರವಿಲ್ಲ. ಗಿದ್ಯೋನನು ಹೋರಾಡಿದ್ದು ಉತ್ತರದ ಇಜ್ರೇಲ್ ಕಣಿವೆಯಲ್ಲಿ. ಈ ಸ್ಥಳ ದಕ್ಷಿಣದ ಲಾಕೀಷಿನ ಹತ್ತಿರವಿದೆ. ಆ ಕಾಲದಲ್ಲಿ ಅಂಥ ಹೆಸರು ಬಳಕೆಯಲ್ಲಿತ್ತು ಎಂಬಷ್ಟಕ್ಕೆ ಅದು ಸಾಕ್ಷಿ.

ಕಲ್ಲುಹಾದಿ:
ಬೆಳಗಿನೋದು ಅವರ ಎಂಟನೆಯ ಅಧ್ಯಾಯದ ಓದು ನನಗೂ ಒಪ್ಪಿಗೆ. ಆದರೆ ಉಣ್ಣೆಯ ವಿಷಯದಲ್ಲಿ ನನ್ನ ನಿಲುವು ಬದಲಾಗದು. ನಂಬಿಕೆಯ ಮಾದರಿ ಬೇಕೆಂದರೆ ದಾನಿಯೇಲನ ಗ್ರಂಥದ ಮೂರನೆಯ ಅಧ್ಯಾಯಕ್ಕೆ ಹೋಗಬೇಕು. ಏಳುಪಟ್ಟು ಹೆಚ್ಚಾಗಿ ಉರಿಸಲಿದ್ದ ಆ ಬೆಂಕಿಯ ಆವಿಗೆಯ ಮುಂದೆ ನಿಂತ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು ಬಾಬೆಲಿನ ಅರಸ ನೆಬೂಕದ್ನೆಚ್ಚರನಿಗೆ ಹೇಳಿದ್ದೇನು? ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು, ಬಿಡಿಸದೆ ಹೋದರೂ ನಿನ್ನ ಬಂಗಾರದ ಪ್ರತಿಮೆಗೆ ನಾವು ಅಡ್ಡಬೀಳುವುದಿಲ್ಲ ಎಂದು. ಅವರು ಗುರುತು ಕೇಳಲಿಲ್ಲ, ಫಲವನ್ನೂ ಕೇಳಲಿಲ್ಲ.

ಇಲಿಯಡ್ ಓದುಗ:
ಬಿಡಿಸದೆ ಹೋದರೂ ಎಂಬ ಆ ಮಾತನ್ನು ಹೆಕ್ಟರನು ಕೇಳಿದ್ದರೆ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದನೆಂದು ನನಗನ್ನಿಸುತ್ತದೆ. ಅದೇ ಬಗೆಯ ಒಂದು ಪ್ರಾರ್ಥನೆ ಇಲಿಯಡ್‌ನಲ್ಲಿಯೂ ಇದೆ. ಅಕಿಲೀಸನ ಗೆಳೆಯ ಪಟ್ರೋಕ್ಲಸನ ಮೃತದೇಹಕ್ಕಾಗಿ ಕಾದಾಟ ನಡೆಯುತ್ತಿರುವಾಗ ರಣರಂಗವನ್ನೆಲ್ಲ ಮಂಜು ಕವಿಯುತ್ತದೆ. ಏಜಾಕ್ಸನು ಸ್ಯೂಸನನ್ನು ಬೇಡುವುದು ಜೀವವನ್ನಲ್ಲ, ಬೆಳಕನ್ನು: ಕೊಲ್ಲುವುದಾದರೆ ಬೆಳಕಿನಲ್ಲಿಯಾದರೂ ಕೊಲ್ಲು ಎಂದು ಅಳುತ್ತಾ ಕೇಳಿಕೊಳ್ಳುತ್ತಾನೆ. ಸ್ಯೂಸನು ಕನಿಕರಿಸಿ ಮಂಜನ್ನು ಚದುರಿಸುತ್ತಾನೆ.

ರಂಗಮಂಚ:
ಸೊಫೊಕ್ಲಿಸನ ಏಜಾಕ್ಸನ ಬಾಯಲ್ಲಿ ಇಂಥ ಪ್ರಾರ್ಥನೆಯನ್ನು ಊಹಿಸುವುದೇ ಕಷ್ಟ. ಇದು ಯಾವ ಸರ್ಗದಲ್ಲಿದೆಯೆಂದು ತಿಳಿಸುವಿರಾ?

ಇಲಿಯಡ್ ಓದುಗ:
ಹದಿನೇಳನೆಯ ಸರ್ಗದ ಕೊನೆಯ ಭಾಗದಲ್ಲಿದೆ. ಹೋಮರನ ಏಜಾಕ್ಸನು ದೇವರನ್ನು ಬೇಡಬಲ್ಲವನು. ನಾಟಕದ ಏಜಾಕ್ಸನು ಬೇಡಲೊಲ್ಲದವನು. ಎರಡನ್ನೂ ಒಂದರ ಹಿಂದೆ ಒಂದರಂತೆ ಓದಿ, ಆಮೇಲೆ ಗಿದ್ಯೋನನ ವಿಷಯದಲ್ಲಿ ನಿಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯಿರಿ.